ಒಂದು ಬಾಕ್ಸ್ ಟೊಮೆಟೊ ನಿಮಗೆ ಎಷ್ಟಕ್ಕೆ ಬಿತ್ತು?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈ ಕೊನೆಗೆ ಒಳ್ಳೆಯ ಹಣ್ಣಿನ ಬಾಕ್ಸು 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಧಾರಣೆ ನೆಲ ಕಚ್ಚಿತ್ತು. ಈ ಏರಿಳಿತವನ್ನು ಒಂದೆಕರೆ ರೈತ ತಡೆಯಲಾರ. ಆದರೆ ಬಾಕ್ಸು ತನಗೆ ಎಷ್ಟಕ್ಕೆ ಬಿತ್ತು ಎಂಬುದನ್ನು ಅವನು ತಿಳಿದುಕೊಳ್ಳಬಲ್ಲ. ರೈತರು ಉದ್ಯಮಿಗಳಾಗಬೇಕು ಎನ್ನುವ ತರಬೇತಿಗಳು ಬ್ರಾಂಡು, ಪ್ಯಾಕಿಂಗಿನಿಂದ ಶುರುವಾಗುವುದುಂಟು. ಅವೆಲ್ಲ ಆಮೇಲಿನ ಮಾತು. ಮೊದಲು ಬೇಕಾದದ್ದು ಒಂದು ನೋಟ್‌ಬುಕ್.

ಲೆಕ್ಕ ಹೀಗೆ. ಒಂದೆಕರೆಗೆ ಸಸಿ, ಗೊಬ್ಬರ, ಔಷಧಿ, ಮಲ್ಚಿಂಗ್ ಶೀಟು, ಕೊಯ್ಲಿಗೆ ಮುಂಚಿನ ಕೂಲಿ ಸೇರಿ 1,40,000 ರೂಪಾಯಿ ಖರ್ಚಾಗಿದೆ ಎಂದುಕೊಳ್ಳಿ. ಡ್ರಿಪ್ ಪೈಪು, ಊರೆಗೋಲುಗಳು ಐದು ಬೆಳೆಗೆ ಬಾಳುವಂತಿದ್ದರೆ ಅವುಗಳ ಬೆಲೆಯ ಐದನೇ ಒಂದು ಭಾಗವನ್ನಷ್ಟೇ ಇದರಲ್ಲಿ ಸೇರಿಸಬೇಕು. ಇನ್ನು ಗಂಡ ಹೆಂಡತಿ ಸೇರಿ ನೂರು ಆಳಿನ ಕೆಲಸ ಮಾಡಿದ್ದಾರೆ. ಆಳಿಗೆ 400 ಎಂದರೂ 40,000 ಆಯಿತು. ಈ ಸಾಲನ್ನು ಬರೆಯುವವರೇ ಕಡಿಮೆ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಕೂಡ ಬೆಂಬಲ ಬೆಲೆಯ ಲೆಕ್ಕದಲ್ಲಿ ಮನೆಯವರ ದುಡಿಮೆಗೆ ಬೆಲೆ ಕಟ್ಟುತ್ತದೆ. ಮನೆಯಲ್ಲಿ ಮಾತ್ರ ಹೆಂಗಸರು ಕಳೆ ತೆಗೆದದ್ದು, ಹಣ್ಣು ಬಿಡಿಸಿದ್ದು ಲೆಕ್ಕಕ್ಕೇ ಬರುವುದಿಲ್ಲ. ಲಾಭವಾಯಿತು ಎಂದುಕೊಂಡ ಎಷ್ಟೋ ಬೆಳೆಗಳಲ್ಲಿ ಉಳಿದಿರುವುದು ಅವರ ಕೂಲಿಯೇ.

ಒಟ್ಟು 1,80,000. ಇಳುವರಿಗೆ ಚೆನ್ನಾಗಿ ಬಂದ ವರ್ಷವನ್ನು ಹಿಡಿಯಬೇಡಿ, ಕಳೆದ ಮೂರು ಬೆಳೆಗಳಲ್ಲಿ ನಡುವಿನದನ್ನು ಹಿಡಿಯಿರಿ. ಅದು 1,200 ಬಾಕ್ಸ್ ಆದರೆ ಒಂದಕ್ಕೆ 150 ರೂಪಾಯಿ. ಬಿಡಿಸುವ ಕೂಲಿ, ಗಾಡಿ ಬಾಡಿಗೆ, ಮಂಡಿ ಖರ್ಚು ಬಾಕ್ಸಿಗೆ 40 ಎಂದರೆ ಒಟ್ಟು 190.

ಈಗ ಕೈಯಲ್ಲಿ ಎರಡು ಅಂಕಿಗಳಿವೆ, ಎರಡರ ಕೆಲಸವೂ ಬೇರೆ. 190 ನೋಡಬೇಕಾದದ್ದು ನಾಟಿಗೆ ಮೊದಲು: ಅಷ್ಟು ಸಿಗುವ ಭರವಸೆ ಇಲ್ಲದಿದ್ದರೆ ಅರ್ಧ ಎಕರೆಗೆ ಇಳಿಸಿ, ಅಥವಾ ಅರ್ಧ ಈಗ, ಉಳಿದರ್ಧ ತಿಂಗಳು ಬಿಟ್ಟು ನಾಟಿ ಮಾಡಿ. 40 ನೋಡಬೇಕಾದದ್ದು ಕೊಯ್ಲಿನಲ್ಲಿ. ಧಾರಣೆ 100 ಇದ್ದಾಗ ಬೆಳೆ ನಷ್ಟದಲ್ಲಿದೆ ನಿಜ, ಆದರೂ ಬಿಡಿಸಿದ ಪ್ರತಿ ಬಾಕ್ಸು 60 ರೂಪಾಯಿ ತಂದು ನಷ್ಟ ತಗ್ಗಿಸುತ್ತದೆ. ಧಾರಣೆ 35ಕ್ಕೆ ಇಳಿದರೆ ಬಿಡಿಸಿದಷ್ಟೂ ಸಾಲ ಬೆಳೆಯುತ್ತದೆ. ಹಾಕಿದ ದುಡ್ಡನ್ನು ಹೇಗಾದರೂ ಎತ್ತಬೇಕೆಂದು ಈ ಹಂತದಲ್ಲಿ ಮಂಡಿಯವರಿಂದ ಮತ್ತೆ ಅಡ್ವಾನ್ಸ್ ತರುವುದು ಅಪಾಯ. ತೋಟವನ್ನು ಅಲ್ಲಿಗೆ ಬಿಡುವುದು ಸೋಲೇನಲ್ಲ.

ಮನೆಯ ನೆಮ್ಮದಿಗೆ ಇನ್ನೊಂದು ಕೆಲಸ ಬೇಕು: ಬೆಳೆಯ ದುಡ್ಡನ್ನೂ ಮನೆ ಖರ್ಚಿನ ದುಡ್ಡನ್ನೂ ಬೇರೆ ಇಡುವುದು. ಕೋಲಾರ ಸೀಮೆಯ ಬಹಳ ಮನೆಗಳನ್ನು ನಡೆಸುತ್ತಿರುವುದು ಡೈರಿಯ ಬಟವಾಡೆ. ಅದು ಸಣ್ಣ ಮೊತ್ತವಾದರೂ ತಪ್ಪದೆ ಬರುತ್ತದೆ. ಅಂಗಡಿ ಬಾಕಿ, ಮಕ್ಕಳ ಫೀಜು ಅದರಿಂದಲೇ ತೀರಲಿ. ಟೊಮೆಟೊ ಔಷಧಿಗೆ ಆ ದುಡ್ಡನ್ನು ಮುಟ್ಟಿದ ದಿನವೇ ಮನೆಯೂ ಧಾರಣೆಗೆ ಕಟ್ಟುಬೀಳುತ್ತದೆ.

ಟೊಮೆಟೊ ಇಟ್ಟುಕೊಂಡು ಧಾರಣೆಗೆ ಕಾಯಲಾಗದು. ರಾಗಿ, ತೊಗರಿಗಾದರೆ ಕಾಯುವ ಅವಕಾಶವಿದೆ. 2007ರ ಉಗ್ರಾಣ ಕಾಯ್ದೆಯಡಿ ನೋಂದಾಯಿತ ಗೋದಾಮಿನಲ್ಲಿ ದಾಸ್ತಾನಿಟ್ಟು, ಅದರ ರಸೀದಿಯ ಮೇಲೆ ಬ್ಯಾಂಕಿನಲ್ಲಿ ಸಾಲ ಕೇಳಬಹುದು. ಗೋದಾಮಿನ ಬಾಡಿಗೆ, ಬಡ್ಡಿ ಎರಡನ್ನೂ ಕ್ವಿಂಟಲ್‌ಗೆ ಹಂಚಿ ನೋಡಿ. ಧಾರಣೆ ಅದಕ್ಕಿಂತ ಹೆಚ್ಚು ಏರುವಂತಿದ್ದರಷ್ಟೇ ಕಾಯಬೇಕು.

ಒಬ್ಬರೇ ಕೊಂಡರೆ ಗೊಬ್ಬರ ದುಬಾರಿ, ಒಬ್ಬರೇ ಹಿಡಿದರೆ ಗಾಡಿ ಬಾಡಿಗೆಯೂ ದುಬಾರಿ. ಕಂಪನಿ ಕಾಯ್ದೆಯ 2002ರ ತಿದ್ದುಪಡಿಯಿಂದ ಬಂದ ಉತ್ಪಾದಕರ ಕಂಪನಿಯನ್ನು ಹತ್ತು ರೈತರು ಸೇರಿ ಕಟ್ಟಬಹುದು. ಷೇರು ಎಷ್ಟೇ ಇರಲಿ, ರೈತ ಸದಸ್ಯರಿಗೆ ತಲೆಗೊಂದೇ ಮತ. ಈಗಿರುವ ಕಂಪನಿಗೆ ಸೇರುವುದಾದರೆ ಹೋದ ವರ್ಷದ ಖರೀದಿ, ಮಾರಾಟದ ಲೆಕ್ಕವನ್ನು ಕೇಳಿ ನೋಡಿ. ತೋರಿಸದಿದ್ದರೆ ಷೇರಿನ ದುಡ್ಡು ಕಟ್ಟಬೇಡಿ.

ಈ ಲೆಕ್ಕದ ನೋಟ್‌ಬುಕ್ ಯಾರು ಬರೆಯಬೇಕು? ಹೈಸ್ಕೂಲಿಗೆ ಹೋಗುವ ಮಗಳಿದ್ದರೆ ಅವಳೇ ಬರೆಯಲಿ. ಸಂಜೆ ಐದು ನಿಮಿಷ ಸಾಕು: ಇವತ್ತು ಏನು ಕೊಂಡದ್ದು, ಯಾರ ಹತ್ತಿರ ಸಾಲ, ಅಮ್ಮ ತೋಟದಲ್ಲಿ ಎಷ್ಟು ಹೊತ್ತು ಇದ್ದಳು.