ನಲವತ್ತಡಿ ಮರ, ಮೂರು ಹನಿಯ ಮೂತ್ರಕೋಶ

ಕೊನೆಕೊಯ್ಲಿನ ಕಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ಅಡಿಕೆ ತೋಟಕ್ಕೆ ಹೋದರೂ ತಲೆಯೆತ್ತಿ ನೋಡಲೇಬೇಕು. ಕಾಲಿಗೆ ತಳೆ ಹಾಕಿಕೊಂಡ ಕೊನೆಗಾರರು 40-50 ಅಡಿ ಎತ್ತರದಲ್ಲಿ, ಗೇಣು ದಪ್ಪವೂ ಇಲ್ಲದ ಮರದ ತುದಿಯಲ್ಲಿ ಮರವನ್ನೇ ತೂಗಿ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಿರುತ್ತಾರೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಮದ್ದು ಹೊಡೆಯಲು ಹತ್ತುವಾಗ ಇದೇ ಮರ ಪಾಚಿಗಟ್ಟಿ ಜಾರುತ್ತಿರುತ್ತದೆ. ಹುಲಿಕಲ್, ಆಗುಂಬೆಗಳಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಸೀಮೆಯಿದು. 40 ಅಡಿಯಿಂದ ಕೈತಪ್ಪಿದರೆ ನೆಲ ಸೇರಲು 1.6 ಸೆಕೆಂಡು ಸಾಕು. ಆಗಿನ ವೇಗ ಗಂಟೆಗೆ 55 ಕಿಲೋಮೀಟರ್.

ಬಿದ್ದು ಬದುಕಿದವರಲ್ಲಿ ಕೆಲವರ ಬೆನ್ನುಹುರಿ ಜಜ್ಜಿಹೋಗುತ್ತದೆ. ತೀರ್ಥಹಳ್ಳಿ ಕಡೆಯಿಂದ ಮಣಿಪಾಲದ ಆಸ್ಪತ್ರೆಗೆ ಒಯ್ಯಬೇಕೆಂದರೆ ಆ ಸ್ಥಿತಿಯಲ್ಲೇ ಆಗುಂಬೆ ಘಾಟಿಯ 14 ತಿರುವು ಇಳಿಯಬೇಕು. ಕಾಲು ಹೋಯಿತಲ್ಲ ಎಂದು ಊರೆಲ್ಲ ಮರುಗುತ್ತದೆ. ಮೂತ್ರದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಮುಂದಿನ ಮೂವತ್ತು ವರ್ಷ ಆ ಜೀವ ಉಳಿಯುವುದೇ ಎಂಬುದು ಅದರ ಮೇಲೂ ನಿಂತಿದೆ.

ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಒಂದೂವರೆ ಲೀಟರಿನಷ್ಟನ್ನು ಹೊರಗೆ ಕಳಿಸುತ್ತವೆ. ಅದನ್ನು ಹಿಡಿದಿಡುವ ಮೂತ್ರಕೋಶದ ಅಳತೆ 400-500 ಮಿಲಿಲೀಟರ್. ದಿನಕ್ಕೆ ಏಳು ಸಲ, ಸಲಕ್ಕೆ ಅರ್ಧ ನಿಮಿಷವೆಂದರೂ ಅದು ಖಾಲಿಯಾಗುವ ಕೆಲಸಕ್ಕೆ ಬೇಕಾದ್ದು ಮೂರೂವರೆ ನಿಮಿಷ. ಉಳಿದ 23 ಗಂಟೆ 56 ನಿಮಿಷ ಅದು ಸುಮ್ಮನೆ ತುಂಬಿಕೊಳ್ಳುತ್ತಿರುತ್ತದೆ. ಯಾವಾಗ ಬಿಡಬೇಕೆಂಬ ಅಪ್ಪಣೆ ಮಿದುಳಿನ ಬುಡದ ಪಾನ್ಸ್ ಎಂಬ ಭಾಗದಿಂದ ಬರುತ್ತದೆ. ಬ್ಯಾರಿಂಗ್ಟನ್ ಎಂಬ ವೈದ್ಯ 1925ರಲ್ಲಿ ಬೆಕ್ಕುಗಳಲ್ಲಿ ಇದನ್ನು ತೋರಿಸಿಕೊಟ್ಟ. ಆ ಅಪ್ಪಣೆ ಇಳಿದುಬರುವ ಬೆನ್ನುಹುರಿಯ ಉದ್ದ 45 ಸೆಂಟಿಮೀಟರ್, ದಪ್ಪ ಕಿರುಬೆರಳಿನಷ್ಟು, ತೂಕ 35 ಗ್ರಾಂ ಆಸುಪಾಸು. ಎತ್ತರದಿಂದ ಬಿದ್ದವರಲ್ಲಿ ಹೆಚ್ಚಾಗಿ ಮುರಿಯುವುದು ಬೆನ್ನೂ ಸೊಂಟವೂ ಕೂಡುವ ಜಾಗ. ಮೂತ್ರದ ನರಕೇಂದ್ರ ಇರುವುದೂ ಅಲ್ಲಿಯೇ. ಆ ಕೇಂದ್ರವೇ ಜಜ್ಜಿದರೆ ಮೂತ್ರಕೋಶ ಜೋತುಬಿದ್ದ ಚೀಲವಾಗಿ ಉಳಿಯುತ್ತದೆ. ಪೆಟ್ಟು ಅದಕ್ಕಿಂತ ಮೇಲೆ ಬಿದ್ದಿದ್ದರೆ ಕೆಲವು ವಾರ ಸುಮ್ಮನಿದ್ದು, ಆಮೇಲೆ ತನ್ನಷ್ಟಕ್ಕೆ ತಾನೇ ಹಿಂಡಿಕೊಳ್ಳಲು ಶುರುಮಾಡುತ್ತದೆ.

ಇದೆಲ್ಲ ಹೇಗೆ ನಡೆಯುತ್ತದೆಂದು ಕಲಿಸಿದ ಪ್ರಾಣಿಗಳಲ್ಲಿ ಇಲಿಗೆ ದೊಡ್ಡ ಪಾಲಿದೆ. ಪ್ರಯೋಗಾಲಯದ ಚಿಟ್ಟಿಲಿಯ ತೂಕ ಸುಮಾರು 25 ಗ್ರಾಂ. ಅದರ ಮೂತ್ರಕೋಶ ಹಿಡಿಯುವುದು 0.15 ಮಿಲಿಲೀಟರಿನಷ್ಟು, ಅಂದರೆ ಡ್ರಾಪರಿನ ಮೂರು ಹನಿ. ನಮ್ಮದರ 3,000ದಲ್ಲಿ ಒಂದು ಪಾಲು! ಬೆನ್ನುಹುರಿಗೆ ಪೆಟ್ಟಾದ ಇಲಿ ತಾನಾಗಿ ಮೂತ್ರ ಬಿಡಲಾರದು. ಸಂಶೋಧಕರು ದಿನಕ್ಕೆ ಎರಡು ಮೂರು ಸಲ ಅದನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳು ತೋರುಬೆರಳಿನಿಂದ ಕೆಳಹೊಟ್ಟೆ ತಡವಿ, ಕಡಲೆಕಾಳಿನಂತೆ ಸಿಗುವ ಆ ಚೀಲವನ್ನು ಮೆತ್ತಗೆ ಒತ್ತಿ ಖಾಲಿ ಮಾಡುತ್ತಾರೆ. ಭಾನುವಾರವೂ ಬಿಡುವಿಲ್ಲ. ಮರೆತರೆ ಇಲಿ ಸಾಯುತ್ತದೆ. ದೊಡ್ಡ ಇಲಿಗಳಲ್ಲಿ ಎರಡು ವಾರದೊಳಗೆ ಮೂತ್ರ ತಾನಾಗಿ ಬರತೊಡಗುತ್ತದೆ. ಆದರೆ ಆ ಹೊತ್ತಿಗೆ ಮೂತ್ರಕೋಶ ಹಿಗ್ಗಿ, ಗೋಡೆ ದಪ್ಪಗಟ್ಟಿ, ಮೊದಲಿನ ಹಲವು ಪಟ್ಟು ತೂಗುತ್ತಿರುತ್ತದೆ. ಹಿಂಡುವ ಸ್ನಾಯುವೂ ಬಾಗಿಲು ಮುಚ್ಚುವ ಸ್ನಾಯುವೂ ಒಂದೇ ಹೊತ್ತಿಗೆ ಬಿಗಿಯುವುದರಿಂದ ಒಳಗಿನ ಒತ್ತಡ ಏರುತ್ತಲೇ ಹೋಗುತ್ತದೆ.

ಪೆಟ್ಟಿನ ಬಳಿಕ ಮೂತ್ರಕೋಶ ತಾನೇ ಹಿಂಡಿಕೊಳ್ಳುವಂತೆ ಮಾಡುವುದು ತಪ್ಪಾಗಿ ಎಚ್ಚರಗೊಳ್ಳುವ ನರಗಳು, ಒಂದು ಮೈಕ್ರಾನ್ ದಪ್ಪದ ಸಿ-ತಂತುಗಳು. ಸುದ್ದಿ ಒಯ್ಯುವ ಅವುಗಳ ವೇಗ ಸೆಕೆಂಡಿಗೆ ಒಂದು ಮೀಟರ್ ಆಸುಪಾಸು. ಇವುಗಳ ಬಾಯಿ ಕಟ್ಟುವ ವಸ್ತು ನಮ್ಮ ಹಿತ್ತಿಲಿನ ಸೂಜಿಮೆಣಸಿನಲ್ಲೇ ಇದೆ: ಕ್ಯಾಪ್ಸೈಸಿನ್ ಎಂಬ ಖಾರ. 1992ರಲ್ಲಿ ಲಂಡನ್ನಿನಲ್ಲಿ ಕ್ಲೇರ್ ಫೌಲರ್ ತಂಡದವರು ಅದನ್ನು ರೋಗಿಗಳ ಮೂತ್ರಕೋಶಕ್ಕೆ ಹಾಕಿ ನೋಡಿದರು. ಖಾರ ಹಿಡಿಯುವ ಗ್ರಾಹಕ ಯಾವುದೆಂದು 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಇಲಿಯ ನರಕೋಶಗಳಿಂದಲೇ ಪತ್ತೆಹಚ್ಚಿತು. ಅವರಿಗೆ ನೊಬೆಲ್ ಬಂದದ್ದು 2021ರಲ್ಲಿ. 2013ರಲ್ಲಿ ಅಮೆರಿಕದ ಯು-ಶಾಂಗ್ ಲೀ, ಜೆರ್ರಿ ಸಿಲ್ವರ್ ಮತ್ತವರ ತಂಡ ಇಲಿಯ ಪೂರ್ತಿ ಕತ್ತರಿಸಿದ ಬೆನ್ನುಹುರಿಗೆ ಪಕ್ಕೆಲುಬಿನ ನರಗಳನ್ನು ಕಸಿ ಮಾಡಿ, ಆರು ತಿಂಗಳಲ್ಲಿ ಮೂತ್ರದ ಹತೋಟಿ ಒಂದಿಷ್ಟು ಮರಳುವುದನ್ನು ಕಂಡಿತು. ನಡಿಗೆ ಮಾತ್ರ ಹಾಗೆ ಮರಳಲಿಲ್ಲ. ಮನುಷ್ಯರಿಗೆ ಆ ಚಿಕಿತ್ಸೆ ಇನ್ನೂ ದಕ್ಕಿಲ್ಲ. ಇಲಿಯ ಬಾಗಿಲಿನ ಸ್ನಾಯು ಮೂತ್ರ ಬಿಡುವಾಗ ಸೆಕೆಂಡಿಗೆ ಹಲವು ಸಲ ತೆರೆದು ಮುಚ್ಚುತ್ತದೆ, ನಮ್ಮದು ಹಾಗಲ್ಲ. ಅಲ್ಲಿ ಗೆದ್ದದ್ದೆಲ್ಲ ಇಲ್ಲಿಯೂ ಗೆಲ್ಲುತ್ತದೆನ್ನಲಾಗದು.

ದಕ್ಕಿರುವುದು ಮೂತ್ರಕೋಶಕ್ಕೆ ತೂರಿಸಿ ಮೂತ್ರ ಹೊರಬಿಡುವ ಒಂದು ಪ್ಲಾಸ್ಟಿಕ್ ನಳಿಗೆ. ನಾಲ್ಕು ಮಿಲಿಮೀಟರ್ ದಪ್ಪ, ಗಂಡಸರಿಗಾದರೆ 40 ಸೆಂಟಿಮೀಟರ್ ಉದ್ದ. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡೆಸ್, ಇದನ್ನು ಹಾಕಿಕೊಳ್ಳಲು ಆಪರೇಷನ್ ಥಿಯೇಟರಿನ ಮಡಿ ಬೇಡ, ಸೋಪು ಹಾಕಿ ಕೈ ತೊಳೆದು ರೋಗಿಯೇ ಹಾಕಿಕೊಳ್ಳಬಹುದು ಎಂದರು. ಮುಖ್ಯವಾದದ್ದು ಮೂತ್ರಕೋಶ ಬಿರಿಯುವಷ್ಟು ತುಂಬದಂತೆ ಹೊತ್ತುಹೊತ್ತಿಗೆ ಖಾಲಿ ಮಾಡುವುದು. ದಿನಕ್ಕೆ ಐದು ಸಲದಂತೆ ವರ್ಷಕ್ಕೆ 1,825 ಸಲ. ಮೂವತ್ತನೇ ವಯಸ್ಸಿನಲ್ಲಿ ಬಿದ್ದವರು ಅರವತ್ತು ಮುಟ್ಟುವಷ್ಟರಲ್ಲಿ 54,750 ಸಲ! ಒಂದೂವರೆ ಸೆಕೆಂಡಿನ ಬೀಳುವಿಕೆಗೆ ತೆರಬೇಕಾದ ಬೆಲೆ ಇದು. ಇಷ್ಟನ್ನೂ ಮಾಡಿ ಬದುಕಿರುವವರ ಛಲಕ್ಕೆ ಕೈಮುಗಿಯಬೇಕು.

ಮನೆಯವರಿಗೆ ಒಂದು ಮಾತು. ಹಾಸಿಗೆ ಒದ್ದೆಯಾಗತೊಡಗಿದರೆ ಗುಣವಾಯಿತೆಂದು ತಿಳಿದು ನಳಿಗೆ ಬಿಡಬೇಡಿ, ಮೂತ್ರಕೋಶ ತುಂಬಿ ಉಕ್ಕುತ್ತಿರುವುದೂ ಇರಬಹುದು. ಒಳಗಿನ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟ ದಾಟಿ ನಿಂತರೆ ಮೂತ್ರಪಿಂಡ ಕೆಡುವ ಅಪಾಯವಿದೆ ಎಂದು 1981ರಲ್ಲೇ ಎಡ್ವರ್ಡ್ ಮೆಕ್‌ಗ್ವಾಯರ್ ತೋರಿಸಿದ್ದಾರೆ. ಮೂತ್ರಪಿಂಡ ನೋವು ಕೊಡದೆ ಕೆಡುತ್ತದೆ. ವರ್ಷಕ್ಕೊಮ್ಮೆ ಮೂತ್ರಪಿಂಡದ ಸ್ಕ್ಯಾನಿಂಗ್ ಮಾಡಿಸಿ. ತೋಟದವರು ನೆಲದ ಮೇಲೆ ನಿಂತೇ ಕೊನೆ ಇಳಿಸುವ ದೋಟಿಗೆ ಈ ವರ್ಷವೇ ದುಡ್ಡು ತೆಗೆದಿಡಿ.