ಧ್ರುಪದ್ ಕಲಿಯಲು ಗುರುವಿನ ಜೊತೆಗೇ ಇರಬೇಕೇ? ಪುಣೆಯ ಗುರುಕುಲ ಪದ್ಧತಿಯ ಬಗ್ಗೆ ಇಲ್ಲಿದೆ ಮಾಹಿತಿ

ಪುಣೆ ಮತ್ತು ಸಂಗೀತ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಗದಗದ ಪಂಡಿತ್ ಭೀಮಸೇನ ಜೋಶಿ. ತಮ್ಮ ಗುರುವಿನ ನೆನಪಿಗಾಗಿ ಅವರು ಮುಂದೆ ನಿಂತು 1953ರಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವ ಇಂದಿಗೂ ನಡೆಯುತ್ತಿದೆ. ಜೋಶಿ ಹಾಡುತ್ತಿದ್ದುದು ಖ್ಯಾಲ್. ಅದಕ್ಕಿಂತ ಹಳೆಯದಾದ ಧ್ರುಪದ್ ಗಾಯನಕ್ಕೂ ಈ ನಗರ ಒಂದು ನೆಲೆ. ಪುಣೆಯಲ್ಲಿ ನೆಲೆಸಿರುವ ಪಂಡಿತ್ ಉದಯ್ ಭವಾಲ್ಕರ್ ಗುರುಕುಲ ಪದ್ಧತಿಯಲ್ಲಿ ದೇಶ-ವಿದೇಶಗಳ ಶಿಷ್ಯರಿಗೆ ಧ್ರುಪದ್ ಕಲಿಸುತ್ತಿದ್ದಾರೆ. ಆನ್‌ಲೈನ್ ಕ್ಲಾಸ್‌ಗಳ ಈ ಕಾಲದಲ್ಲೂ ಗುರುವಿನ ಜೊತೆಗಿದ್ದೇ ಕಲಿಯಬೇಕು ಎನ್ನುವುದೇಕೆ?

ಏನಿದು ಧ್ರುಪದ್?

ಹಿಂದೂಸ್ತಾನಿ ಸಂಗೀತದಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯ ಗಾಯನ ಪ್ರಕಾರವಿದು. ಗ್ವಾಲಿಯರ್‌ನ ರಾಜಾ ಮಾನ್‌ಸಿಂಗ್ ತೋಮರ್ (1486–1516) ಆಸ್ಥಾನದಲ್ಲಿ ಇದಕ್ಕೆ ದೊಡ್ಡ ಪ್ರೋತ್ಸಾಹ ಸಿಕ್ಕಿತು. ಕಛೇರಿ ಶುರುವಾಗುವುದು ದೀರ್ಘ ಆಲಾಪದಿಂದ. ಅದರಲ್ಲಿ ಸಾಹಿತ್ಯವಿಲ್ಲ, ತಾಳವಾದ್ಯವಿಲ್ಲ. ನಂತರ ಪಖಾವಾಜ್ ಜೊತೆಗೂಡಿ, 12 ಮಾತ್ರೆಗಳ ಚೌತಾಲ್ ಅಥವಾ 14 ಮಾತ್ರೆಗಳ ಧಮಾರ್‌ನಂತಹ ತಾಳಗಳಲ್ಲಿ ರಚನೆಯನ್ನು ಹಾಡಲಾಗುತ್ತದೆ.

ಗುರು ಕಲಿಸುವುದೇನು?

ದಿನ ಆರಂಭವಾಗುವುದು ಖರಜ್ ಸಾಧನೆಯಿಂದ. ಅಂದರೆ ನಸುಕಿನಲ್ಲಿ ತಂಬೂರಿಯ ಶ್ರುತಿಗೆ ಮಂದ್ರ ಸಪ್ತಕದ ಸ್ವರಗಳನ್ನು ಒಂದೊಂದಾಗಿ, ದೀರ್ಘವಾಗಿ ಹಿಡಿದು ನಿಲ್ಲಿಸುವುದು. ಸ್ವರದ ಸ್ಥಾನವೂ ರಾಗದಿಂದ ರಾಗಕ್ಕೆ ಕೂದಲೆಳೆಯಷ್ಟು ಬದಲಾಗುತ್ತದೆ. ಉದಾಹರಣೆಗೆ, ತೋಡಿ ರಾಗದ ಕೋಮಲ ಗಾಂಧಾರವನ್ನು ತುಸು ಕೆಳಗೆ ಹಾಡುತ್ತಾರೆ. ಎಷ್ಟು ಕೆಳಗೆ ಎಂಬುದನ್ನು ಸ್ವರಲಿಪಿ ಹೇಳುವುದಿಲ್ಲ. ಗುರು ಹಾಡಿ ತೋರಿಸಬೇಕು, ಶಿಷ್ಯ ಮರಳಿ ಹಾಡಬೇಕು, ಗುರು ತಿದ್ದಬೇಕು. ವಾರಕ್ಕೊಮ್ಮೆ ಮಾತ್ರ ಪಾಠವಾದರೆ ಉಳಿದ ಆರು ದಿನ ಶಿಷ್ಯ ತನ್ನ ತಪ್ಪನ್ನೇ ಅಭ್ಯಾಸ ಮಾಡುವ ಅಪಾಯವಿದೆ. ಜೊತೆಗಿದ್ದರೆ ಆ ತಪ್ಪು ಅಂದೇ ಗುರುವಿನ ಕಿವಿಗೆ ಬೀಳುತ್ತದೆ.

ಕನ್ನಡ ನಾಡಿಗೂ ಇದು ಹೊಸದಲ್ಲ. ಭೀಮಸೇನ ಜೋಶಿ 1936ರ ಸುಮಾರಿಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆ ಸೇರಿ, ನೀರು ಹೊರುವಂತಹ ಮನೆಗೆಲಸ ಮಾಡುತ್ತಲೇ ಸಂಗೀತ ಕಲಿತವರು.

ಖರ್ಚು ಯಾರದು?

ರಾಜಾಶ್ರಯ ಹೋದ ಮೇಲೆ ಧ್ರುಪದ್‌ಗೆ ಎದುರಾದ ದೊಡ್ಡ ಪ್ರಶ್ನೆ ಇದೇ. ವರ್ಷಗಟ್ಟಲೆ ಕಲಿಯುವ ಶಿಷ್ಯನ ಊಟ, ವಸತಿ ನೋಡಿಕೊಳ್ಳುವವರು ಯಾರು? 1981ರಲ್ಲಿ ಮಧ್ಯಪ್ರದೇಶ ಸರ್ಕಾರದ ನೆರವಿನಿಂದ ಭೋಪಾಲ್‌ನಲ್ಲಿ ಧ್ರುಪದ್ ಕೇಂದ್ರ ಆರಂಭವಾಯಿತು. ಅಲ್ಲಿ ಉಸ್ತಾದ್ ಜಿಯಾ ಫರೀದುದ್ದೀನ್ ಡಾಗರ್ ಗುರುವಾಗಿದ್ದರು. ಆಯ್ಕೆಯಾದವರಿಗೆ ಶಿಷ್ಯವೇತನ ಸಿಗುತ್ತಿತ್ತು. ಉಜ್ಜಯಿನಿಯ ಭವಾಲ್ಕರ್ ಬೆಳೆದಿದ್ದು ಇದೇ ಕೇಂದ್ರದಲ್ಲಿ. ಹೀಗೆ ಸರ್ಕಾರದ ನೆರವಿನಿಂದ ಕಲಿತವರೇ ಇಂದು ಬೇರೆ ಬೇರೆ ಊರುಗಳಲ್ಲಿ ಗುರುಗಳಾಗಿದ್ದಾರೆ. ಪುಣೆ ವಿಶ್ವವಿದ್ಯಾಲಯವಂತೂ ತನ್ನ ಲಲಿತ ಕಲಾ ಕೇಂದ್ರದ ಹೆಸರಿನಲ್ಲೇ 'ಗುರುಕುಲ' ಎಂಬ ಪದವನ್ನು ಸೇರಿಸಿಕೊಂಡಿದೆ.

ಎಚ್ಚರವೂ ಬೇಕು

ಗುರುವಿನ ಜೊತೆಗಿರುವುದೇ ಈ ಪದ್ಧತಿಯ ಬಲ. ಅದರ ಅಪಾಯವೂ ಅಲ್ಲೇ ಇದೆ. ಕಲಿಕೆ, ವಸತಿ, ಮುಂದಿನ ವೇದಿಕೆಯ ಅವಕಾಶ ಎಲ್ಲವೂ ಒಬ್ಬರ ಕೈಯಲ್ಲಿದ್ದರೆ ಶಿಷ್ಯರಿಗೆ ದೂರು ಹೇಳಲು ಜಾಗವೇ ಇರುವುದಿಲ್ಲ. 2020ರಲ್ಲಿ ಭೋಪಾಲ್‌ನ ಧ್ರುಪದ್ ವಸತಿ ಸಂಸ್ಥೆಯೊಂದರಲ್ಲಿ ಲೈಂಗಿಕ ಕಿರುಕುಳದ ಆರೋಪಗಳು ಕೇಳಿಬಂದಾಗ ಈ ಚರ್ಚೆ ದೇಶದಾದ್ಯಂತ ನಡೆಯಿತು. ಮಕ್ಕಳನ್ನು ಗುರುಕುಲಕ್ಕೆ ಸೇರಿಸುವ ಪೋಷಕರು ಗುರುವಿನ ವಿದ್ವತ್ತಿನ ಜೊತೆಗೆ ವಸತಿ ವ್ಯವಸ್ಥೆ ಹೇಗಿದೆ, ದೂರು ಕೇಳಲು ಗುರುವಿನ ಹೊರತಾಗಿ ಬೇರೆ ಯಾರಿದ್ದಾರೆ ಎಂಬುದನ್ನೂ ವಿಚಾರಿಸಬೇಕು.