ಬೇಸಿಗೆಯ ದಿನಗಳಿಗೆ ನಿಂಬೆಯ ಪಾನಕ

ಚೈತ್ರ ವೈಶಾಖಗಳ ಬಿಸಿಲು ಏರತೊಡಗಿದಂತೆ ಮನೆಯವರೆಲ್ಲರ ಗಮನವೂ ನೀರಿನ ಮಡಕೆಯ ಕಡೆಗೆ ಹರಿಯುವುದು ಸಹಜ. ಕಲಬುರಗಿ, ರಾಯಚೂರು, ವಿಜಯಪುರ ಮುಂತಾದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಇಂತಹ ಬೇಗೆಯಲ್ಲಿ ದೇಹವು ತನ್ನ ಶಾಖವನ್ನು ಕಳೆದುಕೊಳ್ಳಲು ಬೆವರನ್ನು ಸುರಿಸುತ್ತದೆ. ಬೆವರು ಆರುವಾಗ ಚರ್ಮವು ತಂಪಾಗುತ್ತದೆ. ಆದರೆ ಬೆವರಿನೊಡನೆ ನೀರು ಮಾತ್ರವಲ್ಲದೆ ಉಪ್ಪಿನ ಅಂಶವೂ ಹೊರಹೋಗುವುದು. ಹೊಲದಲ್ಲಿ ದುಡಿದು ಬಂದವರ ಅಂಗಿಯ ಬೆನ್ನಿನ ಮೇಲೆ ಕಾಣುವ ಬಿಳಿಯ ಗೆರೆಗಳು ಈ ಉಪ್ಪಿನವೇ. ಹೀಗೆ ಕಳೆದುಹೋದುದನ್ನು ಮರಳಿ ತುಂಬಿಕೊಡದಿದ್ದಲ್ಲಿ ತಲೆನೋವು, ತಲೆಸುತ್ತು, ಸ್ನಾಯುಗಳ ಸೆಳೆತ ಮತ್ತು ನಿತ್ರಾಣಗಳು ಉಂಟಾಗುತ್ತವೆ.

ಇದಕ್ಕೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಉಪಾಯವೇ ಪಾನಕ. ಶ್ರೀರಾಮನವಮಿಯಂದು ಪಾನಕ, ಕೋಸಂಬರಿ, ನೀರುಮಜ್ಜಿಗೆಗಳನ್ನು ಹಂಚುವ ಪದ್ಧತಿಯು ಬಿಸಿಲು ಬಲಿಯುವ ಹೊತ್ತಿಗೇ ಬರುವುದು ಗಮನಾರ್ಹ. ಪಾನಕಕ್ಕೆ ಬೇಕಾದ ನಿಂಬೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಇಂಡಿಯ ನಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೇ ದೊರೆತಿದೆ. ನಿಂಬೆಯ ರಸದಲ್ಲಿ ಸಿ ಜೀವಸತ್ವವಿದೆ. ಒಸಡುಗಳ ಆರೋಗ್ಯಕ್ಕೂ, ನಾವು ಉಣ್ಣುವ ಸೊಪ್ಪು ಮತ್ತು ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಹೀರಿಕೊಳ್ಳುವುದಕ್ಕೂ ಇದು ನೆರವಾಗುತ್ತದೆ. ಈ ಜೀವಸತ್ವವು ಶಾಖದಿಂದ ನಾಶವಾಗುವುದರಿಂದ ರಸವನ್ನು ಕುದಿಸಬಾರದು, ಬಿಸಿನೀರಿಗೂ ಹಿಂಡಬಾರದು.

ಪಾನಕವನ್ನು ಮಾಡಲು ಎಲ್ಲರೂ ಬಲ್ಲರು. ಆದರೆ ಅದರಲ್ಲಿ ಮುಖ್ಯವಾದುದು ನಿಂಬೆಯಲ್ಲ, ನೀರು. ಹುಳಿ ಬಿದ್ದ ಮೇಲೆ ನೀರು ತಾನೇ ಶುದ್ಧವಾಗುವುದೆಂಬ ನಂಬಿಕೆಯೊಂದು ಕೆಲವರಲ್ಲಿದೆ. ಇದು ಸರಿಯಲ್ಲ. ಒಂದೆರಡು ಹಣ್ಣುಗಳ ರಸವು ನೀರಿನಲ್ಲಿರುವ ರೋಗಾಣುಗಳನ್ನು ಕೊಲ್ಲುವುದೆಂದು ನೆಚ್ಚಿಕೊಳ್ಳುವಂತಿಲ್ಲ. ಬೇಸಿಗೆಯಲ್ಲಿ ಬಾವಿ ಕೆರೆಗಳು ಬತ್ತಿ, ಸಿಕ್ಕಲ್ಲಿಂದ ನೀರು ತರುವ ಪರಿಸ್ಥಿತಿ ಒದಗಿದಾಗ ವಾಂತಿಭೇದಿ, ಕಾಮಾಲೆ, ವಿಷಮಶೀತಜ್ವರಗಳು ಹರಡಲು ಅವಕಾಶವಾಗುತ್ತದೆ. ತಂಪಿಗೆಂದು ಕುಡಿದ ಪಾನಕವೇ ರೋಗವನ್ನು ತಂದರೆ ಪ್ರಯೋಜನವೇನು? ಆದಕಾರಣ ನೀರನ್ನು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಮರಳುವವರೆಗೆ ಕಾಯಿಸಿ, ಮುಚ್ಚಿಟ್ಟು ಆರಿಸತಕ್ಕದ್ದು. ಹಿಂದಿನ ರಾತ್ರಿಯೇ ಕಾಯಿಸಿ ಶುಚಿಯಾದ ಮಣ್ಣಿನ ಹೂಜಿಯಲ್ಲಿ ತುಂಬಿಟ್ಟರೆ ಬೆಳಗಿನ ವೇಳೆಗೆ ಹಿತವಾಗಿ ತಣ್ಣಗಾಗಿರುತ್ತದೆ. ಅಂಗಡಿಯ ಮಂಜುಗಡ್ಡೆಯನ್ನು ಹಾಕದಿರುವುದೇ ಲೇಸು. ಮೀನು ಕೆಡದಂತಿಡಲು ತಯಾರಿಸಿದ ಗಡ್ಡೆಗೂ ಕುಡಿಯಲು ಯೋಗ್ಯವಾದುದಕ್ಕೂ ನೋಟದಲ್ಲಿ ವ್ಯತ್ಯಾಸ ತಿಳಿಯದೆ ಹೋಗಬಹುದು.

ಒಂದು ಲೀಟರ್ ನೀರಿಗೆ ಎರಡು ಹದವಾದ ನಿಂಬೆಹಣ್ಣುಗಳು, ಸುಮಾರು 50 ಗ್ರಾಂ ಬೆಲ್ಲ, ಕಾಲು ಚಮಚ ಉಪ್ಪು, ಎರಡು ಏಲಕ್ಕಿ ಮತ್ತು ಚಿಟಿಕೆ ಶುಂಠಿಪುಡಿ ಸಾಕು. ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಹಣ್ಣನ್ನು ತೊಳೆದು, ಹಲಗೆಯ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿದ ನಂತರ ಕೊಯ್ದರೆ ರಸವು ಸಲೀಸಾಗಿ ಬರುತ್ತದೆ. ಬೀಜಗಳು ಬೀಳದಂತೆ ನೋಡಿಕೊಳ್ಳಬೇಕು. ಸಿಪ್ಪೆಯನ್ನು ಅತಿಯಾಗಿ ಹಿಂಡಿದರೂ ಕಹಿಯಾಗುವುದು. ಮೊದಲು ಬೆಲ್ಲವನ್ನು ಕರಗಿಸಿ ಸೋಸಿಕೊಂಡು, ಉಪ್ಪು, ಏಲಕ್ಕಿ, ಶುಂಠಿಗಳನ್ನು ಬೆರೆಸಿ, ಕೊನೆಯಲ್ಲಿ ರಸವನ್ನು ಸೇರಿಸಬೇಕು. ಸ್ಟೀಲ್, ಗಾಜು ಅಥವಾ ಪಿಂಗಾಣಿಯ ಪಾತ್ರೆಗಳು ಯೋಗ್ಯವಾದುವು. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳಲ್ಲಿ ಹುಳಿಯನ್ನಿಟ್ಟರೆ ಲೋಹದ ಅಂಶವು ಪಾನಕಕ್ಕೆ ಇಳಿದು ಹೊಟ್ಟೆ ತೊಳಸುವಿಕೆ, ವಾಂತಿಗಳು ಉಂಟಾಗಬಹುದು. ಪಾನಕವನ್ನು ಮುಚ್ಚಿಟ್ಟು, ಹಿಡಿಯುಳ್ಳ ಸೌಟಿನಿಂದಲೇ ಬಡಿಸಿ, ಅಂದೇ ಮುಗಿಸಬೇಕು. ಸಿಹಿಯು ಹೆಚ್ಚಿದಷ್ಟೂ ರುಚಿಯೆಂದು ತಿಳಿದವರು ಬಹಳ; ಬಾಯಾರಿಕೆಯನ್ನು ತಣಿಸುವುದು ತೆಳುವಾದ ಪಾನಕವೇ. ಸಕ್ಕರೆ ಕಾಯಿಲೆಯುಳ್ಳವರು ಬೆಲ್ಲವನ್ನು ಬಿಡತಕ್ಕದ್ದು. ರಕ್ತದ ಒತ್ತಡ ಅಥವಾ ಮೂತ್ರಪಿಂಡದ ತೊಂದರೆಯಿರುವವರು ಉಪ್ಪಿನ ವಿಷಯದಲ್ಲಿ ವೈದ್ಯರ ಸಲಹೆಯಂತೆ ನಡೆಯುವುದು ಅವಶ್ಯಕ.

ಇಲ್ಲಿ ಮತ್ತೊಂದು ಮಾತನ್ನು ಹೇಳದಿರಲಾಗದು. ಮನೆಗೆ ಬಂದವರಿಗೆ, ಗಂಡಸರಿಗೆ, ಮಕ್ಕಳಿಗೆ ಪಾನಕವನ್ನು ಕೊಟ್ಟ ಗೃಹಿಣಿಯು ತಾನು ಮಾತ್ರ ಒಲೆಯ ಮುಂದೆ ಬೆವರುತ್ತಾ, ಉಳಿದರೆ ಕುಡಿದೇನು ಎಂದುಕೊಳ್ಳುವುದೇ ಹೆಚ್ಚು. ಗರ್ಭಿಣಿಗೂ, ಎದೆಹಾಲುಣಿಸುವ ತಾಯಿಗೂ ಇತರರಿಗಿಂತ ಅಧಿಕ ನೀರು ಬೇಕು. ಮೂತ್ರವು ಗಾಢ ಹಳದಿಯಾಗಿ, ಉರಿಯುತ್ತಾ, ಅಲ್ಪವಾಗಿ ಹೋಗುತ್ತಿದ್ದರೆ ಅದು ದೇಹವು ನೀರು ಕೇಳುತ್ತಿರುವುದರ ಲಕ್ಷಣ. ಬಾಯಾರುವವರೆಗೆ ಕಾಯದೆ ಆಗಾಗ ಕುಡಿಯಬೇಕು. ಮೊದಲ ಲೋಟವನ್ನು ಆಕೆಗೇ ಕೊಟ್ಟರೆ ತಪ್ಪೇನೂ ಇಲ್ಲ.

ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಆರು ತಿಂಗಳು ತುಂಬದ ಶಿಶುವಿಗೆ ಎಂತಹ ಬಿಸಿಲಿನಲ್ಲಿಯೂ ಎದೆಹಾಲೊಂದೇ ಸಾಕು. ಪಾನಕವಿರಲಿ, ನೀರೂ ಬೇಡ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ಕೊಡಲಾಗದು. ದೊಡ್ಡ ಮಕ್ಕಳಿಗೂ ಭೇದಿಯಾಗುತ್ತಿರುವಾಗ ಸಿಹಿಯಾದ ಪಾನಕವನ್ನು ಕುಡಿಸಬಾರದು. ಸಕ್ಕರೆಯು ಮಿತಿಮೀರಿದರೆ ಅದು ಕರುಳಿನೊಳಕ್ಕೆ ಮತ್ತಷ್ಟು ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಸಕ್ಕರೆ ಉಪ್ಪುಗಳು ತಕ್ಕ ಪ್ರಮಾಣದಲ್ಲಿದ್ದರೆ ಅದೇ ನೀರು ಜೀವವನ್ನು ಉಳಿಸುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವವು ಸಾಲದಾದಾಗ, ಡಾ. ದಿಲೀಪ್ ಮಹಲನಾಬಿಸ್ ಅವರು ಗ್ಲೂಕೋಸ್ ಮತ್ತು ಲವಣಗಳನ್ನು ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸಿ ಅನೇಕರನ್ನು ಬದುಕಿಸಿದರು. ಇಂದು ಆಶಾ ಕಾರ್ಯಕರ್ತೆಯರಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ದೊರೆಯುವ ಓಆರ್‌ಎಸ್ ಪೊಟ್ಟಣವು ಇದೇ ಬಗೆಯದು. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ, 24 ಗಂಟೆಗಳೊಳಗೆ ಬಳಸಬೇಕು. ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾ, ಎದೆಹಾಲನ್ನೂ ಆಹಾರವನ್ನೂ ಮುಂದುವರಿಸಬೇಕು. ಪೊಟ್ಟಣವು ಕೈಗೆ ಸಿಗುವವರೆಗೆ ಒಂದು ಲೀಟರ್ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ ಮತ್ತು ಅರ್ಧ ಮಟ್ಟ ಚಹಾ ಚಮಚ ಉಪ್ಪನ್ನು ಬೆರೆಸಿ ಕೊಡಬಹುದು, ಇದಕ್ಕೆ ಹೆಚ್ಚಾಗಕೂಡದು. ಮಗುವಿನ ಕಣ್ಣುಗಳು ಗುಳಿಬಿದ್ದು, ಜಡವಾಗಿ ಮಲಗಿ, ಕುಡಿಯಲಾರದೆ ಹೋದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬಿಸಿಲಿನ ಹೊಡೆತಕ್ಕೆ ಸಿಕ್ಕವರಿಗೂ ಇದೇ ಮಾತು ಅನ್ವಯಿಸುವುದು. ಮೈ ಕೆಂಡದಂತೆ ಸುಡುತ್ತಾ, ಮಾತು ತಡವರಿಸುತ್ತಾ, ಎಚ್ಚರ ತಪ್ಪುತ್ತಿರುವವರ ಬಾಯಿಗೆ ಪಾನಕವನ್ನಾಗಲಿ ನೀರನ್ನಾಗಲಿ ಹೊಯ್ಯಬಾರದು. ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಅವರನ್ನು ನೆರಳಿಗೆ ತಂದು, ಬಟ್ಟೆಗಳನ್ನು ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಿರಬೇಕು. ಅಷ್ಟರೊಳಗೆ ಮತ್ತೊಬ್ಬರು 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸತಕ್ಕದ್ದು.